ಸಾಕ್ಷಿ ಹೇಳಿದ ಟೋಪನ್

ನಾನು ಒಂದು ಟೋಪನ್. ಪೇಟೆಯವರು ವಿಗ್ಗು ಎನ್ನುತ್ತಾರೆ. ಯಾರೋ ಹರಕೆಗೆ ಮುಡಿ ಕೊಟ್ಟರು; ಆ ಕೂದಲನ್ನು ನಾಟಕದವರಿಗೆ ಬಣ್ಣ ಹಚ್ಚುವ ಹುಬ್ಬಳ್ಳಿಯ ಮೇಸ್ತ್ರಿಯೊಬ್ಬ ಬಲೆಗೆ ಎಳೆಎಳೆಯಾಗಿ ಪೋಣಿಸಿದ. ಅಲ್ಲಿಗೆ ನನ್ನ ಜನನವಾಯಿತು. ಮೊದಲು ನಾಟಕ ಕಂಪನಿಯಲ್ಲಿ ರಾಜರ ತಲೆಯ ಮೇಲೆ ಮೆರೆದೆ. ಅಲ್ಲಿ ನನ್ನಿಂದ ಯಾರೂ ಮೋಸಹೋಗಲಿಲ್ಲ. ಟಿಕೆಟ್ ಕೊಂಡವರಿಗೆಲ್ಲ ನಾನು ಸುಳ್ಳೆಂದು ಗೊತ್ತಿತ್ತು.

ಕಂಪನಿ ಮುಚ್ಚಿದ ಮೇಲೆ ನನ್ನನ್ನು ಕೊಂಡವರು ಗದಗಿನ ಎಣ್ಣೆ ವ್ಯಾಪಾರಿ ಗುರುಪಾದಪ್ಪ ಬಳಿಗೇರ. ಅವರ ತಲೆಯೋ, ಬೆಳಗಿಟ್ಟ ತಂಬಿಗೆ. ಅದನ್ನು ಮದುವೆಯ ಫೋಟೊದಲ್ಲೂ ರುಮಾಲಿನಡಿ ಬಚ್ಚಿಟ್ಟಿದ್ದ ಪುಣ್ಯಾತ್ಮ! ಅವರ ಎಣ್ಣೆ ತಲೆಗೆ ತಂಪು, ಅದು ನಿಜ. ಆದರೆ ಬರೀ ತಂಪಿಗೆ ಗಿರಾಕಿ ಬರುವುದಿಲ್ಲವೆಂದು ನನ್ನನ್ನು ಧರಿಸಿ ಫೋಟೊ ತೆಗೆಸಿದರು. 'ನಾನೂ ಬೋಳನಾಗಿದ್ದೆ, ಈಗ ನೋಡಿ!' ಎಂಬ ಫಲಕ ಬಸ್ ನಿಲ್ದಾಣದಲ್ಲಿ ಎದ್ದಿತು.

ಊರಲ್ಲಿ ಜಾಹೀರಾತುದಾರರದೇ ಒಂದು ಸಂಘವಿತ್ತು. ಸರಕಾರ ಬಂದು ಕಿವಿ ಹಿಂಡುವ ಮೊದಲು ನಮ್ಮ ಕಿವಿ ನಾವೇ ಹಿಂಡಿಕೊಳ್ಳೋಣ ಎಂದು ಕಟ್ಟಿಕೊಂಡದ್ದು. ದೂರು ಬಂದರೆ ಹೇಳಿದ್ದನ್ನು ಸಭೆಯೆದುರು ಮಾಡಿ ತೋರಿಸಬೇಕೆಂಬ ನಿಯಮವನ್ನು ಗುರುಪಾದಪ್ಪನವರೇ ತಂದಿದ್ದರು, ಎದುರಾಳಿಯ ಹಲ್ಲುಪುಡಿಯನ್ನು ಹಣಿಯಲು. ತಾನು ತೋಡಿದ ಗುಂಡಿಗೆ ತಾನೇ ಬೀಳುವುದೆಂದರೆ ಇದೇ. ಬಸ್ ಕಂಡಕ್ಟರ್ ಹುಚ್ಚೀರಪ್ಪ ದೂರು ಕೊಟ್ಟ: "ಈ ಎಣ್ಣಿ ಹಚ್ಚಾಕತ್ತಿ ವರ್ಸಾತು. ಇದ್ದ ನಾಕು ಕೂದಲಾನೂ ಹೋದುವ್ರೀ!"

ವಿಚಾರಣೆಯ ದಿನ ಗುರುಪಾದಪ್ಪ ನನ್ನನ್ನು ಅಂಟು ಹಾಕಿ ಕೂರಿಸಿಕೊಂಡು ಬಂದರು. ಸಂಘದ ಅಧ್ಯಕ್ಷೆ, ಉಪ್ಪಿನಕಾಯಿ ಮಾರುವ ಕಮಲಾಬಾಯಿ, "ಹಚ್ಚಿ ತೋರಸ್ರಿ" ಎಂದರು.

"ಮನ್ಯಾಗ ಹಚ್ಕೊಂಡು ಬಂದೀನ್ರಿ," ಎಂದರು ಇವರು.

"ಇನ್ನೊಂದೀಟು ಹಚ್ಚೂಣ್ರಿ," ಎಂದ ಹುಚ್ಚೀರಪ್ಪ ಇಡೀ ಬಾಟಲಿ ಸುರಿದು ಗಸಗಸ ತಿಕ್ಕಿದ. ಎಣ್ಣೆಗೆ ಅಂಟು ಕರಗಿತು. ನಾನು ಕಿವಿಯ ಮೇಲೆ ಜಾರಿ, ಅವನ ಕೈಗೇ ಬಂದೆ. ಅವನು ಗಾಬರಿಯಿಂದ ಚೀರಿದ: "ಯವ್ವಾ! ಇವರವು ಅಷ್ಟೂ ಒಮ್ಮೆಲೇ ಉದುರಿದವಲ್ರೀ!"

ಸಭೆ ಬಿದ್ದು ಬಿದ್ದು ನಕ್ಕಿತು. ಕಮಲಾಬಾಯಿ ನಗಲಿಲ್ಲ. ಫಲಕ ಇಳಿಸಬೇಕು, ಅದೇ ಜಾಗದಲ್ಲಿ ಅಷ್ಟೇ ದೊಡ್ಡದಾಗಿ, ಬರಿದಲೆಯ ಫೋಟೊದೊಂದಿಗೆ ನಿಜ ಹೇಳಬೇಕು, ಟೋಪನ್ನನ್ನು ಸಂಘಕ್ಕೆ ಒಪ್ಪಿಸಬೇಕು ಎಂದು ತೀರ್ಪಿತ್ತರು.

"ಬೇಕಾದ್ರ ಎಣ್ಣಿ ಮಾರೂದ ಬಿಡ್ತೀನ್ರಿ. ಬೋಳತಲಿ ಮಾತ್ರ ಬ್ಯಾಡ್ರಿ ಬಾಯಾರ!"

"ಹಲ್ಲುಪುಡಿಯವ್ರು ಹಿಂಗ ಬೇಡ್ಕೊಂಡಿದ್ರ ನೀವು ಬಿಡ್ತಿದ್ರೇನು?"

ಗುರುಪಾದಪ್ಪ ತಲೆ ತಗ್ಗಿಸಿದರು. ನನಗೆ ಅಯ್ಯೋ ಎನಿಸಿತು. ಅವರು ತಲೆಯಿಂದ ಇಳಿಯುತ್ತಿದ್ದ ಎಣ್ಣೆ ಒರೆಸಿಕೊಂಡು "ಆತ್ರಿ" ಎಂದರು.

ಹೊಸ ಫಲಕ ಎದ್ದ ಸಂಜೆ ಗಂಡ ಹೆಂಡತಿ ಇಬ್ಬರೂ ನನ್ನನ್ನು ಚೀಲದಲ್ಲಿಟ್ಟುಕೊಂಡು ಸಂಘಕ್ಕೆ ಒಪ್ಪಿಸಲು ಹೊರಟಿದ್ದರು. 'ಕೂದಲು ಬರುವುದಿಲ್ಲ. ತಲೆ ತಂಪಾಗುತ್ತದೆ. ತಪ್ಪಾಯಿತು' ಎಂಬ ಸಾಲಿನ ಮೇಲೆ ಬೋಳು ತಲೆ ಹೊಳೆಯುತ್ತಿತ್ತು. ಹೆಂಡತಿ ಚಂಪವ್ವ ನಿಂತು ನೋಡಿದರು. "ಅಂತೂ ನನ್ನ ಗಂಡನ ಮಾರಿ ಊರಿಗೆ ಕಂಡಂಗಾತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ಸಂಘದ ಗಾಜಿನ ಕಪಾಟಿನಲ್ಲಿದ್ದೇನೆ, ನುಸಿ ಹಿಡಿದಿದೆ. ಯಾರಾದರೂ ತಮ್ಮ ಮಾಲನ್ನು ಅತಿಯಾಗಿ ಹೊಗಳಿದರೆ ಕಮಲಾಬಾಯಿ ಸುಮ್ಮನೆ ನನ್ನತ್ತ ಕೈ ತೋರಿಸುತ್ತಾರೆ. ಗುರುಪಾದಪ್ಪನವರೂ ಸಭೆಗೆ ಬರುತ್ತಾರೆ, ಬರಿದಲೆಯಲ್ಲೇ. ಬಂದವರೇ ಫ್ಯಾನಿನ ಕೆಳಗೆ ಕೂರುತ್ತಾರೆ. ಆ ಗಾಳಿಗೆ ಅವರ ಮುಖದಲ್ಲಿ ಮೂಡುವ ಸುಖವನ್ನು, ನಾನು ಅವರ ತಲೆಯ ಮೇಲಿದ್ದಷ್ಟು ಕಾಲ ಒಮ್ಮೆಯೂ ಕಂಡಿರಲಿಲ್ಲ.