ಬಾಗಿಲ ಕಡೆಯ ಮಗ್ಗುಲು

ಮಂಚವನ್ನು ಎಲ್ಲಿಗೆ ಸರಿಸಬೇಕೆಂದು ಗೊತ್ತಾದದ್ದೇ ತಡ, ಪಕ್ಕದ ಮನೆಯ ಮರ್ಟಲ್ ಎತ್ತಿ ಹಿಡಿದಿದ್ದ ಅದರ ಕಾಲನ್ನು ದಡಕ್ಕನೆ ಕೆಳಗೆ ಬಿಟ್ಟಳು.

"ಕಿಟಕಿ ಪಕ್ಕಕ್ಕಾ? ತಲೆಗಿಲೆ ಕೆಟ್ಟಿದ್ಯಾ ಐಸಿ? ಒಂಬತ್ತನೇ ರಾತ್ರಿ ನಾವೆಲ್ಲ ಇದನ್ನ ಈ ಗೋಡೆಗೆ ತಳ್ಳಿದ್ದು ಯಾಕೆ ಅಂತ ಮರೆತುಹೋಯ್ತಾ?"

"ಮರೆತಿಲ್ಲ ಕಣೇ. ಹಿಡಿ," ಎಂದಳು ಐಸಿಲ್ಡಾ.

ಮರೆಯುವುದೆಲ್ಲಿ ಬಂತು! ಲಿನ್ವಲ್ ಸತ್ತ ಒಂಬತ್ತನೆಯ ರಾತ್ರಿ ಅಂಗಳದ ತುಂಬ ಜನ, ಹಾಡು, ಹುರಿದ ಮೀನು, ರಮ್ಮು. ಆಮೇಲೆ ಹೆಂಗಸರು ಒಳಗೆ ಹೋಗಿ ಕೋಣೆಯನ್ನೇ ಬುಡಮೇಲು ಮಾಡಿದ್ದರು. ಮಂಚ ತಿರುಗಿತು, ಕನ್ನಡಿ ಬೇರೆ ಗೋಡೆಗೆ ಹೋಯಿತು, ಅವನ ಹ್ಯಾಟು, ಅಂಗಿ, ಗಂಬೂಟು ಮರ್ಟಲ್‌ಳ ಮನೆ ಸೇರಿದವು. ಸತ್ತವನು ಕೊನೆಯ ಸಲ ಬಂದು ನೋಡಿದರೆ ಗುರುತು ಸಿಗಬಾರದು. ಯಾರದೋ ಮನೆ ಎಂದುಕೊಂಡು ತನ್ನ ದಾರಿ ಹಿಡಿಯಬೇಕು. ಜಮೈಕಾದ ಈ ಗುಡ್ಡದ ಊರುಗಳಲ್ಲಿ ಅಜ್ಜಿಯರ ಕಾಲದಿಂದ ನಡೆದು ಬಂದದ್ದು ಹೀಗೆ.

ಲಿನ್ವಲ್‌ಗೆ ಗುರುತು ಸಿಕ್ಕಿತೋ ಇಲ್ಲವೋ, ಮೂರು ದಿನ ಬಿಟ್ಟು ಬಂದ ಹಿಲ್ಟನ್ ಮೇಷ್ಟರಿಗಂತೂ ಸಿಗಲಿಲ್ಲ. ಶಾಲೆಯ ಮೇಷ್ಟರಾದರೂ ಕೋರ್ಟಿಗೆ ಹೇಳಿಕೆ ಬರೆದು ಮುದ್ರೆ ಒತ್ತಿಕೊಡುವ ಅಧಿಕಾರವನ್ನು ಸರಕಾರ ಅವರಿಗೆ ಕೊಟ್ಟಿತ್ತು. ಊರಿಗೆ ಹೊಸಬರು, ದೆವ್ವದ ಮಾತೆತ್ತಿದರೆ ಮೂಗು ಮುರಿಯುವವರು.

ಐಸಿಲ್ಡಾ, ಲಿನ್ವಲ್ ಚರ್ಚಿಗೆ ಹೋಗಿ ಉಂಗುರ ಹಾಕಿಕೊಂಡವರಲ್ಲ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಬಾಳಿದರು, ಅಷ್ಟೆ. ಬೇರೆ ಮದುವೆಯಿಲ್ಲದ ಇಬ್ಬರು ಐದು ವರ್ಷ ಗಂಡ ಹೆಂಡಿರಂತೆ ಬಾಳಿದ್ದರೆ ಸಾಕು, ಕಾನೂನು ಈಗಲೂ ಹೆಂಡತಿಯೆಂದೇ ಒಪ್ಪುತ್ತದೆ ಎಂದು ವಕೀಲೆ ಧೈರ್ಯ ಹೇಳಿದ್ದಳು. ಆದರೆ ಲಿನ್ವಲ್‌ನ ಅಕ್ಕ ವರ್ಲೀನ್ ಕಿಂಗ್‌ಸ್ಟನ್‌ನಿಂದ ಬಂದು, ಇವಳು ಅಡುಗೆಗಿದ್ದವಳು, ಮನೆ ನನ್ನದು ಎಂದು ಪಟ್ಟುಹಿಡಿದು ಕೂತಿದ್ದಳು. ಹಿಲ್ಟನ್ ಬಂದು ನೋಡಿದರೆ ಗೋಡೆಗೆ ಒತ್ತಿದ ಮಂಚ, ಒಂದೇ ದಿಂಬು, ಒಂದೇ ಲೋಟ. "ಇಲ್ಲಿ ಗಂಡಸೊಬ್ಬ ಬದುಕಿದ ಗುರುತೇ ಇಲ್ವಲ್ಲಮ್ಮ," ಎಂದು ರಾಗ ಎಳೆದು, ಶಾಸ್ತ್ರಕ್ಕೆಂದು ಎಲ್ಲ ತಿರುಗಿಸಿದ್ದೇವೆ ಎಂದರೆ ನಂಬದೆ, ಹಾಗಾದರೆ ಮೊದಲಿದ್ದಂತೆ ಇಟ್ಟು ತೋರಿಸಿ, ಗುರುವಾರ ಇನ್ನೊಮ್ಮೆ ಬಂದು ಬರೆಯುತ್ತೇನೆಂದು ಹೋಗಿದ್ದರು. ಇವತ್ತು ಗುರುವಾರ.

"ಕೋರ್ಟಿಗೆ ತೋರಿಸೋಕೆ ಅವನನ್ನ ವಾಪಸ್ ಕರೀತೀಯಾ?" ಮರ್ಟಲ್‌ಳ ದನಿ ಇಳಿದಿತ್ತು.

"ನಾಳೆ ಮತ್ತೆ ತಿರುಗಿಸಿಬಿಡ್ತೀನಿ."

"ಅಷ್ಟರಲ್ಲಿ ಬಂದ್ಬಿಟ್ರೆ?"

ಐಸಿಲ್ಡಾ ಬಗ್ಗಿ ಮಂಚದ ಇನ್ನೊಂದು ತುದಿಗೆ ಕೈ ಹಾಕಿದಳು. ಮನೆ ಕೈಬಿಟ್ಟೀತೆಂಬ ಭಯ ಇದ್ದೇ ಇತ್ತು. ಅದಕ್ಕಿಂತ ಹೆಚ್ಚಾಗಿ 'ಅಡುಗೆಗಿದ್ದವಳು' ಎಂಬ ಮಾತು ಅವಳನ್ನು ಕೊರೆಯುತ್ತಿತ್ತು.

ಕಾನೂನಿಗೂ ಅದೇ ಮಂಚ ಬೇಕು, ದೆವ್ವಕ್ಕೂ ಅದೇ ಮಂಚ ಬೇಕು. ಅವಳಾದರೂ ಏನು ಮಾಡಿಯಾಳು? ಮಂಚ ಕಿಟಕಿಗೆ ಬಂತು. ಎರಡು ದಿಂಬು, ಎರಡು ಲೋಟ. ಮೊಳೆಗೆ ಹ್ಯಾಟು. ಗಂಬೂಟನ್ನು ಹಿತ್ತಿಲ ನೀರಿನ ಡ್ರಮ್ಮಿನ ಬಳಿ ಇಟ್ಟಳು. ದಿನಾ ಮೂರು ಗಂಟೆಗೆ ಗೆಣಸಿನ ಹೊಲದಿಂದ ಬಂದು ಲಿನ್ವಲ್ ಅದನ್ನು ಕಳಚಿ ಕಾಲು ತೊಳೆಯುತ್ತಿದ್ದದ್ದು ಅಲ್ಲೇ. ಎಲ್ಲ ಮುಗಿದ ಮೇಲೆ ಮರ್ಟಲ್ ದೆವ್ವ ದಾಟದಿರಲೆಂದು ಹೊಸಿಲಿಗೆ ಒಂದು ಹಿಡಿ ಉಪ್ಪೆರಚಿ, ತಿರುಗಿಯೂ ನೋಡದೆ ಹೋದಳು. ಮೇಷ್ಟರು ಕಂಡರೆ ನಕ್ಕಾರೆಂದು ಐಸಿಲ್ಡಾ ಉಪ್ಪನ್ನು ಗುಡಿಸಿಬಿಟ್ಟಳು.

ಹಿಲ್ಟನ್ ಎರಡೂವರೆಗೆ ಬಂದರು. ಕೋಣೆಯನ್ನು ಸುತ್ತಿ ನೋಡಿ, ಕುರ್ಚಿ ಎಳೆದುಕೊಂಡು ಕಾಗದ ತೆಗೆದರು.

"ಯಾವ ಮಗ್ಗುಲಲ್ಲಿ ಮಲಗ್ತಿದ್ರು?"

"ಬಾಗಿಲ ಕಡೆ ಸಾರ್. ಯಾರೇ ನುಗ್ಗಿದ್ರೂ ಮೊದಲು ನನ್ನನ್ನ ದಾಟಿ ಬರ್ಲಿ ಅಂತಿದ್ದ."

"ಚಹಾಕ್ಕೆ ಸಕ್ಕರೆ?"

"ಮೂರು ಚಮಚ. ಡಾಕ್ಟ್ರು ಮುಟ್ಟಲೇಬೇಡ ಅಂದಿದ್ರು. ಅಕ್ಕನಿಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ದ ಕಳ್ಳ."

ಮೇಷ್ಟರ ಮೀಸೆ ಅಲುಗಿತು. "ಅವರಕ್ಕ, ನನ್ನ ತಮ್ಮ ಸಕ್ಕರೆ ಕಂಡ್ರೆ ಮಾರು ದೂರ ಇರ್ತಿದ್ದ ಅಂದ್ರು." ಬಹಳ ಹೊತ್ತು ಬರೆದರು. ಸಹಿ ಹಾಕಿ, ಮುದ್ರೆ ಒತ್ತಿ ಗಟ್ಟಿಯಾಗಿ ಓದಿದರು: "ಐಸಿಲ್ಡಾ, ಮೃತ ಲಿನ್ವಲ್‌ನ ಪತ್ನಿ."

ಹತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಯಾರೂ ಅವಳ ಎದುರಿಗೆ ಆಡಿರಲಿಲ್ಲ. ಅವಳ ಕಣ್ಣು ತುಂಬಿತು.

ಹಿತ್ತಿಲಲ್ಲಿ ಡ್ರಮ್ಮಿನ ಮುಚ್ಚಳ ಸರಿದ ಸದ್ದಾಯಿತು. ಆಮೇಲೆ ಚೊಂಬಿನಿಂದ ನೀರು ಸುರಿದ ಸದ್ದು. ಒಂದು ಸಲ, ತುಸು ತಡೆದು ಇನ್ನೊಂದು ಸಲ.

ಹಿಲ್ಟನ್ ಪೆನ್ನಿನ ಕ್ಯಾಪು ಹಾಕುತ್ತ ತಲೆಯೆತ್ತಿದರು. "ಯಾರೋ ಕಾಲು ತೊಳೀತಿದ್ದಾರೆ. ಮಾತಾಡಿಸ್ಕೊಂಡು ಹೋಗ್ಲಾ?"

ಐಸಿಲ್ಡಾ ಗೋಡೆಯತ್ತ ತಿರುಗಿದಳು. ಗಡಿಯಾರದಲ್ಲಿ ಮೂರು ಗಂಟೆ.

"ಬೇಡ ಸಾರ್. ಈಗ ತಾನೇ ಹೊಲದಿಂದ ಬಂದಿರೋದು. ಸುಸ್ತಾಗಿರತ್ತೆ."

ಮೇಷ್ಟರು ಕಾಗದವನ್ನು ಅವಳ ಕೈಗಿಟ್ಟು ಹೊರಟರು. ಅವರ ಹೆಜ್ಜೆ ಗೇಟು ದಾಟುವವರೆಗೂ ಅವಳು ನಿಂತೇ ಇದ್ದಳು. ಮರ್ಟಲ್‌ಳನ್ನು ಕೂಗಬಹುದಿತ್ತು. ಕೂಗಲಿಲ್ಲ. ಕಾಗದವನ್ನು ಮಡಿಸಿ ರವಿಕೆಯೊಳಗಿಟ್ಟುಕೊಂಡು, ಒಲೆಯ ಕಡೆ ಮುಖ ಮಾಡಿ ಪುದೀನ ಚಹಾಕ್ಕೆ ನೀರಿಟ್ಟಳು.

ಬೆನ್ನ ಹಿಂದೆ, ಬಾಗಿಲ ಕಡೆಯ ಮಗ್ಗುಲಲ್ಲಿ, ಮಂಚ ಮೆಲ್ಲಗೆ ಕಿರುಗುಟ್ಟಿತು. ಐಸಿಲ್ಡಾ ತಿರುಗಿ ನೋಡದೆ ಎರಡನೆಯ ಲೋಟಕ್ಕೆ ಸಕ್ಕರೆ ಹಾಕಿದಳು. ಒಂದು, ಎರಡು, ಮೂರು.