ಎರಡು ಕಿವಿಗೂ ವಯರು

ಹಾಳಾದ ಆ ಎಂಪಿತ್ರೀ ಡಬ್ಬಿ ಅಂಗಡಿಗೆ ಬಂದಾಗಿನಿಂದ ದರ್ಜಿಯ ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಇದ್ದದ್ದು ಬೆಂಕಿಪೊಟ್ಟಣದಷ್ಟು, ಒಳಗೊಂದು ಸಣ್ಣ ಸೆಲ್ಲು, ಅಷ್ಟರಲ್ಲೇ ಮೂವತ್ತು ಹಾಡು. ಗಂಡ ಅದನ್ನು ಜೇಬಿಗಿಳಿಸಿ, ಎರಡು ಕಿವಿಗೂ ವಯರು ಸಿಕ್ಕಿಸಿಕೊಂಡು ಮಿಷನ್ನಿನ ಮುಂದೆ ಕೂತನೆಂದರೆ ಮುಗಿಯಿತು, ಕಲ್ಲುಗುಂಡು.

ಮೊದಲು ಕ್ಯಾಸೆಟ್ಟಿತ್ತು. ಅದರ ಮಗ್ಗುಲು ಬದಲಿಸುವುದು ಅವಳ ಕೆಲಸ. ಆ ನೆಪದಲ್ಲಿ ಗಂಡಹೆಂಡತಿ ನಾಲ್ಕು ಮಾತಾಡುತ್ತಿದ್ದರು. ಬಟ್ಟೆ ಕೊಡಲು ಬಂದವರೂ ನಿಂತು ಕೇಳಿ, "ಇನ್ನೊಂದ್ಸಲ ಹಾಕ್ರೀ" ಅನ್ನುತ್ತಿದ್ದರು. ಈಗ ಹಾಡು ಅವನೊಬ್ಬನಿಗೆ. ಉಳಿದವರ ಪಾಲಿಗೆ ನಡುನಡುವೆ ಅವನು ಎಳೆಯುವ ಅಪಸ್ವರ. ಅದೂ ಒಂದು ಹಾಡನ್ನಾದರೂ ಪೂರ್ತಿ ಕೇಳುವ ತಾಳ್ಮೆ ಉಂಟೇ? ಪಲ್ಲವಿ ಮುಗಿಯುವಷ್ಟರಲ್ಲಿ ಬೆರಳು ಗುಂಡಿಯ ಮೇಲೆ.

ಗಿರಾಕಿಯ ಅಳತೆ ಹಿಡಿದು ಅವಳು ಕೂಗಬೇಕು, ಅವನು ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದುಕೊಳ್ಳಬೇಕು. ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ ಇದು. ಈಗ ಗಂಟಲು ಹರಿದುಕೊಂಡು ಕೂಗಿದರೂ ಅವನು ತಲೆಯಾಡಿಸುತ್ತಿದ್ದದ್ದು ತಾಳಕ್ಕೆ. ಕೊನೆಗೆ ಅವಳೇ ಬಂದು ಬರೆಯಬೇಕು.

"ಗೋಡೆ ಜೊತೆ ಸಂಸಾರ ಮಾಡ್ತಿದೀನಿ," ಎಂದು ಬೈದಳು. ಅದೂ ಕೇಳಿಸಲಿಲ್ಲ. ಹೇಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯಕ್ಕೆ, ಗುಂಡಿ ಹೊಲಿಯುತ್ತ ಹೊಲಿಯುತ್ತ ಅವಳ ಬಾಯಿ ಸಡಿಲವಾಯಿತು. ಮೊದಲು ಅತ್ತೆಯ ಮೇಲಿನ ಹಳೆಯ ಸಿಟ್ಟು ಹೊರಬಿತ್ತು. ಆಮೇಲೊಂದು ದಿನ, ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡದ್ದೂ ಬಂತು.

"ಸೂಜಿ ಕಣ್ಣು ಕಾಣ್ತಾ ಇಲ್ಲ ಕಣ್ರೀ. ನಿಮಗೆ ಗೊತ್ತಾದ್ರೆ ಬೇರೆ ಯಾರನ್ನಾದ್ರೂ ತಂದು ಕೂರಿಸಿ, ನೀನು ಮನೇಲಿರು ಅಂತೀರಿ. ಈ ಅಂಗಡಿ ಬಿಟ್ರೆ ನನಗೇನಿದೆ ಹೇಳಿ?"

ಅವನು ತಲೆ ಎತ್ತಲಿಲ್ಲ. ಹೇಳಿಕೊಂಡದ್ದಕ್ಕೆ ಅವಳಿಗೆ ಹಗುರವೂ ಆಯಿತು, ಅಳುವೂ ಬಂತು.

ಮರುದಿನ ಮೇಜಿನ ಮೇಲಿದ್ದ ಗಡಿಯಾರ ನಿಂತಿತು. ಗಂಡ ಕೈ ತೊಳೆಯಲು ಹಿಂದಕ್ಕೆ ಹೋಗಿದ್ದ. ಆ ದರಿದ್ರ ಡಬ್ಬಿಯ ಸೆಲ್ಲನ್ನೇ ಕಿತ್ತು ಗಡಿಯಾರಕ್ಕೆ ಹಾಕೋಣವೆಂದು ಮುಚ್ಚಳ ತೆಗೆದಳು. ಒಳಗೆ ಸೆಲ್ಲೇ ಇರಲಿಲ್ಲ.

ಅವಳ ಮೈಯೆಲ್ಲ ಉರಿದುಹೋಯಿತು. "ಎಷ್ಟು ದಿನದಿಂದ ಈ ನಾಟಕ?" ಎಂದು ಅವನು ಬರುತ್ತಲೇ ಹರಿಹಾಯ್ದಳು.

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. "ಸೆಲ್ಲು ಮುಗಿದು ವಾರ ಆಯ್ತು."

"ಹೊಸದು ಹಾಕೋಕೆ ಏನು ದಾಡಿ? ನಾನು ಅಳತೆ ಕೂಗಿ ಕೂಗಿ ಸಾಯ್ತಿದ್ರೆ, ಕಿವುಡನ ಥರ ಕೂತಿದ್ರಲ್ಲ!"

"ಓಗೊಟ್ಟಿದ್ರೆ ನೀನು ಮಾತು ನಿಲ್ಲಿಸ್ತಿದ್ದೆ," ಎಂದ ಅವನು. "ಕಿವಿ ತೆರೆದಿದ್ದಾಗ ನಿನ್ನ ಕಣ್ಣಿನ ವಿಷಯ ಒಂದು ದಿನ ಆದ್ರೂ ಹೇಳಿದ್ಯಾ? ಮುಚ್ಚಿಕೊಂಡ ಮೇಲೆ ಹೇಳಿದೆ."

ಅವಳು ಮುಚ್ಚಳ ಹಾಕಿ, ಡಬ್ಬಿಯನ್ನು ಅವನ ಕಡೆ ತಳ್ಳಿದಳು.

"ಸಿಕ್ಕಿಸಿಕೊಳ್ಳಿ ಕಿವಿಗೆ," ಎಂದಳು ಸಿಡುಕುತ್ತ. "ಹೇಳೋದು ಇನ್ನೂ ಇದೆ."