ಸೀಸದಮ್ಮ

"ತಿರುವಲ್ಲಿ ಸ್ವಲ್ಪ ಎತ್ತಿ ಹಿಡೀರಿ ಸಾರ್, ಗೋಡೆಗೆ ತಾಗುತ್ತೆ," ಎಂದ ಶವವಾಹನದ ಚಾಲಕ.

ಸತ್ತವಳ ತಮ್ಮ ಉಸಿರು ಬಿಗಿಹಿಡಿದು ಎತ್ತಿದ. ಅಕ್ಕ ಹಗುರವಾಗಿದ್ದಳು, ಮೆಟ್ಟಿಲು ಮಾತ್ರ ಇಕ್ಕಟ್ಟು.

"ಇನ್ನೊಬ್ಬರು ಗಂಡಸರು ಯಾರೂ ಇಲ್ವಾ?"

"ನಾನೇ ಇರೋದು."

ಎದುರು ಮನೆಯ ಬಾಗಿಲು ಒಂದು ಗೇಣು ತೆರೆದು ಮುಚ್ಚಿಕೊಂಡಿತು. ಕೆಳಗಿನ ದರ್ಜಿಯ ಅಂಗಡಿಯಲ್ಲಿ ಮಷೀನು ನಿಂತಿತು. ಶವ ದಾಟಿಹೋದ ಮೇಲೆ ಮತ್ತೆ ಟಕಟಕ ಶುರುವಾಯಿತು.

ಗಾಡಿ ಮುಖ್ಯರಸ್ತೆಗೆ ಬಂದಾಗ ಚಾಲಕ ಮಾತು ತೆಗೆದ. "ನಿಮ್ಮಕ್ಕ ಏನು ಕೆಲಸದಲ್ಲಿದ್ರು?"

"ಸರ್ಕಾರಿ ಪ್ರಯೋಗಾಲಯದಲ್ಲಿ. ನೀರು ಪರೀಕ್ಷೆ."

"ಅಯ್ಯೋ, ಸೀಸದಮ್ಮನಾ? ಬ್ಯಾಟರಿ ಕಾರ್ಖಾನೆ ಕೇಸಿನವರು?"

"ಹೂಂ."

"ನಮ್ಮತ್ತೆ ಮನೆ ಆ ಕಾರ್ಖಾನೆ ಹಿಂದಿನ ಬೀದೀಲೇ. ಕೈ ಬೆಚ್ಚಗೆ ಮಾಡ್ಕೊಂಡು ಕೇಸು ಕೆಡಿಸಿದ್ರು ಅಂತ…" ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ.

ತಮ್ಮ ಕಿಟಕಿಯಾಚೆ ನೋಡಿದ. ಈ ಮಾತನ್ನು ನುಂಗಿ ನುಂಗಿ ಅವನಿಗೆ ಅಭ್ಯಾಸವಾಗಿತ್ತು.

*

ಆವತ್ತು ನ್ಯಾಯಾಲಯದಲ್ಲಿ ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಆ ಬೀದಿಯ ತಾಯಂದಿರು, ಮಾತಾಡುವ ವಯಸ್ಸಾದರೂ ಮಾತು ಬಾರದ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೀರಿನಲ್ಲಿ ಸೀಸವಿದೆ, ಮಕ್ಕಳ ರಕ್ತದಲ್ಲೂ ಇದೆ ಎಂದು ಅಕ್ಕ ಸಾಕ್ಷಿ ಹೇಳಿದಳು. ಆಮೇಲೆ ಕಾರ್ಖಾನೆಯ ವಕೀಲ ಎದ್ದ.

"ಈ ಸೀಸ ನಮ್ಮ ಕಾರ್ಖಾನೆಯದೇ ಅಂತ ಖಚಿತವಾಗಿ ಹೇಳ್ತೀರಾ ಮೇಡಂ?"

"ಬಹುಪಾಲು ಅಲ್ಲಿಂದಲೇ."

"ಬಹುಪಾಲು ಬೇಡ. ಹೌದೋ ಇಲ್ಲವೋ?"

ಅಕ್ಕ ನ್ಯಾಯಾಧೀಶರ ಕಡೆ ನೋಡಿದಳು. "ಅಲ್ಲಿನ ಹಳೇ ನೀರಿನ ಕೊಳವೆಗಳೂ ಸೀಸದವೇ. ಅದರಿಂದ ಎಷ್ಟು, ಇದರಿಂದ ಎಷ್ಟು ಅಂತ ಪೂರ್ತಿ ಬೇರೆ ಮಾಡೋಕೆ ನಮಗೆ ಆಗಿಲ್ಲ."

"ಅಂದ್ರೆ ಖಚಿತವಿಲ್ಲ."

"ಪೂರ್ತಿ ಖಚಿತವಿಲ್ಲ."

'ಪೂರ್ತಿ' ಎಂಬ ಮಾತು ತೀರ್ಪಿನಲ್ಲಿ ಉಳಿಯಲಿಲ್ಲ. ಕಾರ್ಖಾನೆ ಗೆದ್ದಿತು. ವಿಜ್ಞಾನವೇ ನಮ್ಮ ಪರ ಎಂದು ಕಾರ್ಖಾನೆಯ ಬೆನ್ನಿಗಿದ್ದ ಆಳುವ ಪಕ್ಷದವರು ಗೋಡೆಗೋಡೆಗೂ ಬರೆಸಿದರು. ವಿರೋಧ ಪಕ್ಷದ ಮುಖಂಡ ಮನೆಗೇ ಬಂದ. "ವೇದಿಕೆ ಹತ್ತಿ, ನನ್ನ ಮೇಲೆ ಒತ್ತಡ ಇತ್ತು ಅಂತ ಒಂದು ಮಾತು ಹೇಳಿ. ಉಳಿದದ್ದು ನಾವು ನೋಡ್ಕೋತೀವಿ."

"ಒತ್ತಡ ಇರಲಿಲ್ಲವಲ್ಲ," ಎಂದಳು ಅಕ್ಕ. ಅವನು ಟೀ ಲೋಟ ಹಾಗೇ ಬಿಟ್ಟು ಎದ್ದುಹೋದ.

ಕೊಳವೆಗಳನ್ನಾದರೂ ಬದಲಿಸಿ ಎಂದು ನಗರಸಭೆಗೆ ಅಲೆದಳು. ಬದಲಿಸಿದರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಅವರು ಕೈಚೆಲ್ಲಿದರು.

"ಒಂದು 'ಹೌದು' ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಅಕ್ಕಾ?" ಎಂದು ತಮ್ಮ ಕೇಳಿದ್ದ.

"ನನಗೂ ಹೌದು ಅಂತಲೇ ಅನ್ಸುತ್ತೆ ಕಣೋ. ಆದರೆ ಅಲ್ಲಿ ನನಗೆ ಅನ್ಸಿದ್ದನ್ನ ಕೇಳ್ಲಿಲ್ಲ." ತೊಳೆದಿಟ್ಟ ತಟ್ಟೆಯನ್ನೇ ಅವಳು ಮತ್ತೆ ತೊಳೆಯುತ್ತಿದ್ದಳು.

*

ಸ್ಮಶಾನಕ್ಕೆ ಬಂದವರು ಅಕ್ಕನ ಪ್ರಯೋಗಾಲಯದ ಸಹೋದ್ಯೋಗಿಯೊಬ್ಬರೇ. ಪಕ್ಕದಲ್ಲಿ ಆಳೆತ್ತರದ ಹೂವಿನ ಚಕ್ರ.

"ಮಂತ್ರಿಗಳು ಕಳಿಸಿದ್ದಾರೆ," ಎಂದರು.

"ಯಾವ ಮಂತ್ರಿ?"

"ಆವತ್ತು ಟೀ ಬಿಟ್ಟು ಎದ್ದುಹೋದೋರೇ. ಮೊನ್ನೆ ಕಾರ್ಖಾನೆಯ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕಿದ್ದೂ ಅವರೇ."

"ಇದರ ಮೇಲೆ ಅಕ್ಕನ ಹೆಸರೆಲ್ಲಿ?"

ಸಹೋದ್ಯೋಗಿ ಬಗ್ಗಿ ಹುಡುಕಿದರು. "ಮಂತ್ರಿಗಳದ್ದೇ ಇದೆ. ಇನ್ನೊಂದು ಹೆಸರಿಗೆ ಜಾಗ ಸಾಲಲಿಲ್ಲ ಅನ್ಸುತ್ತೆ."

ತಮ್ಮನಿಗೆ ನಗು ಬಂತು. ಇದನ್ನು ಹೇಳಿದರೆ ಅಕ್ಕ ಎಷ್ಟು ನಗುತ್ತಿದ್ದಳು ಎಂದುಕೊಂಡ. ಗುಂಡಿ ಮುಚ್ಚುವಾಗ, ಹೋಗದೆ ದೂರದಲ್ಲಿ ನಿಂತಿದ್ದ ಚಾಲಕ ಹತ್ತಿರ ಬಂದು, ಯಾರ ಮುಖವನ್ನೂ ನೋಡದೆ ಒಂದು ಹಿಡಿ ಮಣ್ಣು ಹಾಕಿದ.

ಮನೆಗೆ ಬೀಗ ಹಾಕಿಕೊಂಡು ಹೊರಡೋಣವೆಂದು ತಮ್ಮ ಹಿಂದಿರುಗಿದಾಗ, ಮೇಲಿನ ಮೆಟ್ಟಿಲಲ್ಲಿ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಸೆರಗಿನಡಿ ಏನನ್ನೋ ಮುಚ್ಚಿಕೊಂಡಿದ್ದಳು.

"ಮೇಡಂ ಇಲ್ವಾ?"

"ತೀರಿಕೊಂಡ್ರು. ಈಗಷ್ಟೇ ಮಣ್ಣು ಮಾಡಿ ಬಂದೆ. ನಾನು ಅವರ ತಮ್ಮ."

ಅವಳು ಏಳಲಿಲ್ಲ. "ನಾನು ಕಾರ್ಖಾನೆ ಹಿಂದಿನ ಬೀದಿಯವಳು," ಎಂದಳು. "ರಿಟೈರಾದ ಮೇಲೂ, ನಲ್ಲಿ ನೀರು ತಂದುಕೊಟ್ರೆ ಆಫೀಸಲ್ಲಿ ಯಾರಿಗೋ ಹೇಳಿ ಪರೀಕ್ಷೆ ಮಾಡಿಸಿ ಕೊಡ್ತಿದ್ರು. ನಮ್ಮ ಬೀದೀಲಿ ಯಾರಿಗೂ ಹೇಳ್ಬೇಡಿ ಸಾರ್. ಇಲ್ಲಿಗೆ ಬಂದಿದ್ದೆ ಅಂತ ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ."

"ಇಲ್ಲ, ಹೇಳಲ್ಲ."

ಅವಳು ಸೆರಗಿನಡಿಯಿಂದ ಬಾಟಲಿ ತೆಗೆದಳು. "ಸೊಸೆ ಬಸುರಿ. ಇದನ್ನ ಕುಡೀಬಹುದಾ?"

ಬಾಯಿಗೆ ಬಂದ ಉತ್ತರವನ್ನು ತಮ್ಮ ತಡೆದುಕೊಂಡ; ಅವನಿಗೆ ಖಚಿತವಿರಲಿಲ್ಲ. ಬಾಟಲಿ ಇಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಅವಳೂ ಎದ್ದು ಬಂದು ಕತ್ತು ಚಾಚಿದಳು. ನೀರು ಕಣ್ಣು ಕುಕ್ಕುವಷ್ಟು ತಿಳಿಯಾಗಿತ್ತು. ಇಬ್ಬರೂ ಅದನ್ನೇ ನೋಡುತ್ತ ನಿಂತರು.